ಲಕ್ಕಮ್ಮನ ಅಕ್ಕಿ, ದೇವರಮನೆಯ ಬಲ್ಬು

ದೇವರಮನೆಯ ಗೋಡೆಯಲ್ಲಿ ಗಾಜಿನ ಚೌಕಟ್ಟಿನ ಲಕ್ಷ್ಮಿ, ಅದರ ಪಕ್ಕ ಎಣ್ಣೆಜಿಡ್ಡು ಹಿಡಿದ ಹೋಲ್ಡರಿನಲ್ಲಿ ಒಂದು ಪುಟ್ಟ ಕೆಂಪು ಬಲ್ಬು. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಈ ಬಲ್ಬು ಹಗಲಿರುಳು ಉರಿಯುತ್ತಲೇ ಇರುತ್ತದೆ. ಜನ ಅದನ್ನು ಜೀರೋ ಬಲ್ಬು ಅನ್ನುತ್ತಾರೆ. ಹೆಸರು ಕೇಳಿದರೆ ಕರೆಂಟನ್ನೇ ಎಳೆಯದ ದೀಪ ಅನ್ನಿಸಬೇಕು. ಆದರೆ ಹಳೆಯ ಬಗೆಯ ಜೀರೋ ಬಲ್ಬು ಎಳೆಯುವುದು ಸುಮಾರು 15 ವ್ಯಾಟ್. ದಿನದ 24 ಗಂಟೆಯೂ ಉರಿದರೆ ವರ್ಷಕ್ಕೆ 131 ಯೂನಿಟ್ ಆಯಿತು. ಪಡಸಾಲೆಯ 60 ವ್ಯಾಟಿನ ಬುರುಡೆ ಬಲ್ಬು ದಿನಕ್ಕೆ ಐದು ಗಂಟೆ ಉರಿದರೂ ವರ್ಷಕ್ಕೆ 110 ಯೂನಿಟ್ ದಾಟುವುದಿಲ್ಲ. ಮನೆಯವರು ಲೆಕ್ಕಕ್ಕೇ ಹಿಡಿಯದ ದೀಪ ಎಲ್ಲಕ್ಕಿಂತ ಹೆಚ್ಚು ಉಂಡಿರುತ್ತದೆ.

ಅದೇ ಹೋಲ್ಡರಿಗೆ ಅರ್ಧ ವ್ಯಾಟಿನ ಎಲ್‌ಇಡಿ ಹಾಕಿದರೆ ವರ್ಷದ ಖರ್ಚು ನಾಲ್ಕೂವರೆ ಯೂನಿಟ್ಟಿನೊಳಗೆ ಮುಗಿಯುತ್ತದೆ. ಪಡಸಾಲೆಗೆ 9 ವ್ಯಾಟಿನದು ಸಾಕು. ಬುರುಡೆ ಬಲ್ಬು ತಿಂದ ಕರೆಂಟಿನಲ್ಲಿ ಬೆಳಕಾಗುತ್ತಿದ್ದುದು ನೂರಕ್ಕೆ ಐದರಷ್ಟು, ಮಿಕ್ಕದ್ದೆಲ್ಲ ಬಿಸಿ. ಅದಕ್ಕೇ ಕೋಳಿಮರಿ ಸಾಕುವವರು ಕಾವು ಕೊಡಲು ಆ ಬಲ್ಬನ್ನೇ ಇಳಿಬಿಡುತ್ತಿದ್ದರು. 2015ರಲ್ಲಿ ಎಲ್‌ಇಡಿ ಬಲ್ಬು ಹಂಚುವ ಕೇಂದ್ರದ ಉಜಾಲಾ ಯೋಜನೆ ಬಂತು, ಕರ್ನಾಟಕದಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಮನೆಮನೆ ತಲುಪಿತು. ದೇಶದಲ್ಲಿ ಈವರೆಗೆ ಹಂಚಿಕೆಯಾದ ಬಲ್ಬುಗಳ ಸಂಖ್ಯೆ 36 ಕೋಟಿ ಮೀರಿದೆ.

ಬಲ್ಬು ಬದಲಾಯಿತು, ಒಳ್ಳೆಯದಾಯಿತು. ಆದರೆ ಧರ್ಮದ ಕಣ್ಣಿನಿಂದ ನೋಡುವವರಿಗೆ ಇಲ್ಲೊಂದು ಪ್ರಶ್ನೆ ಉಳಿಯುತ್ತದೆ. ಯಂತ್ರ ಮಾಡಿದ ಉಳಿತಾಯವನ್ನು ಮನುಷ್ಯನ ಸಂಯಮ ಎನ್ನಬಹುದೆ? ಹಾಗೆ ಉಳಿದದ್ದು ಯಾರದು?

ಸಂಜೆ ಸ್ವಿಚ್ ಹಾಕಿದ ಕೂಡಲೇ ಬಲ್ಬಿಗೆ ಕೈಮುಗಿಯುವ ಹಿರಿಯರು ಈಗಲೂ ಇದ್ದಾರೆ. ಅವರ ಪಾಲಿಗೆ ಬತ್ತಿಯ ದೀಪ ಬೇರೆ, ತಂತಿಯ ದೀಪ ಬೇರೆ ಅಲ್ಲ. ಅದು ಸರಿಯಾದ ಭಾವನೆಯೇ. ಹಾಗಿದ್ದರೆ ಎಣ್ಣೆಗೆ ಸಿಗುತ್ತಿದ್ದ ಗೌರವ ಕರೆಂಟಿಗೂ ಸಿಗಬೇಕಲ್ಲ? ದೇವಸ್ಥಾನಗಳಲ್ಲಿ ನಂದಾದೀವಿಗೆ ಉರಿಸಲು ಕೊಟ್ಟ ದತ್ತಿಗಳನ್ನು ಕನ್ನಡ ನಾಡಿನ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಯಾವ ಗಾಣದಿಂದ ಎಣ್ಣೆ ಬರಬೇಕು, ಎಷ್ಟು ಬರಬೇಕು, ಕೊಟ್ಟವರು ಯಾರು ಎಂಬುದೆಲ್ಲ ಕಲ್ಲಿನ ಮೇಲೆ ಉಂಟು. ದೇವರ ಮುಂದಿನ ದೀಪಕ್ಕೂ ಅಳತೆಯಿತ್ತು, ಅದರ ಹಿಂದೆ ಯಾರದೋ ಬೆವರಿದೆ ಎಂಬ ಅರಿವಿತ್ತು.

ಇವತ್ತಿನ ದೀಪದ ಗಾಣ ಕಣ್ಣಿಗೆ ಬೀಳುವುದಿಲ್ಲ. ಅದು ರಾಯಚೂರಿನ ಶಕ್ತಿನಗರದಲ್ಲಿದೆ. ಕೃಷ್ಣೆಯ ದಡದ 1,720 ಮೆಗಾವ್ಯಾಟ್ ಸಾಮರ್ಥ್ಯದ ಆ ಸ್ಥಾವರಕ್ಕೆ ರೈಲುಗಟ್ಟಲೆ ಕಲ್ಲಿದ್ದಲು ಬರುತ್ತದೆ, ಸುಟ್ಟ ಮೇಲೆ ಹಾರುಬೂದಿ ಅಲ್ಲೇ ಉಳಿಯುತ್ತದೆ. ಶರಾವತಿಯಲ್ಲೂ ಇದೆ. ಲಿಂಗನಮಕ್ಕಿ ಜಲಾಶಯ ತುಂಬಿದಾಗ ಮನೆ, ಗದ್ದೆ, ಊರದೇವರನ್ನೆಲ್ಲ ನೀರಿಗೆ ಬಿಟ್ಟು ಎದ್ದುಬಂದ ಕುಟುಂಬಗಳು ಹೊಸ ಜಾಗದ ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಕಚೇರಿ ಅಲೆದಿವೆ. ಮಲೆನಾಡಿನಲ್ಲಿ ‘ಮುಳುಗಡೆ’ ಎಂಬ ಒಂದೇ ಪದದಲ್ಲಿ ಆ ಕಥೆಯೆಲ್ಲ ಅಡಗಿದೆ. ಕಲ್ಲಿದ್ದಲಿನಿಂದ ಒಂದು ಯೂನಿಟ್ ತಯಾರಿಸಲು ಮುಕ್ಕಾಲು ಕಿಲೊಗೆ ಹತ್ತಿರ ಕಲ್ಲಿದ್ದಲು ಬೇಕು. ಪಡಸಾಲೆಯ ಒಂದು ಬಲ್ಬು ಬದಲಿಸಿದರೆ ವರ್ಷಕ್ಕೆ 93 ಯೂನಿಟ್ ಉಳಿಯುತ್ತದೆ. ಅಂದರೆ ಒಂದು ದೊಡ್ಡ ಮೂಟೆಯಷ್ಟು ಕಲ್ಲಿದ್ದಲು.

ಶಕ್ತಿನಗರವಿರುವ ರಾಯಚೂರು ಜಿಲ್ಲೆಯಲ್ಲೇ, ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರವೂ ಇದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿಂದ ಕಲ್ಯಾಣಕ್ಕೆ ಹೋದ ದಂಪತಿ ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ. ನೆಲದ ಮೇಲೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಸಿಕ್ಕಿತು, ತಂದ. ಲಕ್ಕಮ್ಮ ಗಂಟಿನ ಭಾರ ನೋಡಿಯೇ ತಡೆದಳು. ಇದು ನಮ್ಮ ದಿನದ ಅಳತೆಗಿಂತ ಹೆಚ್ಚಾಯಿತು, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದು ಗಂಡನನ್ನು ತಿರುಗಿ ಕಳಿಸಿದಳು. ಆ ಅಕ್ಕಿಯನ್ನು ಯಾರೂ ಎಣಿಸುತ್ತಿರಲಿಲ್ಲ. ಕದ್ದದ್ದೂ ಅಲ್ಲ. ಮಾರಯ್ಯನಿಗೆ ಆವತ್ತು ಕೆಲಸ ಸಲೀಸಾಗಿತ್ತು, ಅಷ್ಟೇ. ಸಲೀಸಾಗಿ ಸಿಕ್ಕಿತೆಂಬ ಕಾರಣಕ್ಕೆ ಅದು ತಮ್ಮದಾಗುವುದಿಲ್ಲ ಎಂಬುದು ಲಕ್ಕಮ್ಮನ ನಿಲುವು.

ಎಲ್‌ಇಡಿ ಬಂದ ಮೇಲೆ ಎಲ್ಲ ಮನೆಗಳಿಗೂ ಈ ಹೆಚ್ಚಿನ ಅಕ್ಕಿ ಸಿಕ್ಕಿದೆ. ಅದನ್ನು ಏನು ಮಾಡಿದ್ದೇವೆ ಎಂದು ನೋಡಲು ರಾತ್ರಿ ಹನ್ನೊಂದರ ಮೇಲೆ ಯಾವುದಾದರೂ ಬಡಾವಣೆಯಲ್ಲಿ ಒಂದು ಸುತ್ತು ಹಾಕಿದರೆ ಸಾಕು. ಕಾಂಪೌಂಡಿನ ಪ್ರತಿ ಕಂಬಕ್ಕೆ ಒಂದೊಂದು ದೀಪ, ಸೀಲಿಂಗಿನ ಅಂಚಿಗೆ ಹಗ್ಗದಂಥ ದೀಪದ ಪಟ್ಟಿ, ಯಾರೂ ಕೂರದ ತಾರಸಿಯಲ್ಲೂ ಬೆಳಕು. ಕೇಳಿದರೆ ‘ಎಲ್‌ಇಡಿ ಅಲ್ವಾ, ಏನು ಮಹಾ ಕರೆಂಟ್ ಎಳೆಯುತ್ತೆ’ ಎಂಬ ಉತ್ತರ. ಜೀರೋ ಬಲ್ಬಿನ ಬಗ್ಗೆಯೂ ಹಿಂದೆ ಇದೇ ಮಾತು ಹೇಳುತ್ತಿದ್ದರು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಇದನ್ನು ಗುರುತಿಸಿದ್ದ: ಯಂತ್ರ ಕಡಿಮೆ ಕಲ್ಲಿದ್ದಲಿನಲ್ಲಿ ಕೆಲಸ ಮಾಡತೊಡಗಿದರೆ ಕಲ್ಲಿದ್ದಲಿನ ಒಟ್ಟು ಬಳಕೆ ಇಳಿಯುವ ಬದಲು ಏರುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಭಾಗ್ಯಜ್ಯೋತಿ ಯೋಜನೆಯ ಒಂದೇ ಬಲ್ಬಿನಲ್ಲಿ ಅಡುಗೆ, ಓದು, ಊಟ ಎಲ್ಲ ನಡೆಸಿದ ಮನೆಗೆ ಇವತ್ತು ನಾಲ್ಕು ದೀಪ ಬಂದಿದ್ದರೆ ಅದು ನ್ಯಾಯ. ಅಲ್ಲಿ ಹೋಗಿ ಯಾರೂ ಸಂಯಮ ಬೋಧಿಸಬಾರದು. ಅಳತೆಯ ಮಾತು ಅಳತೆ ಮೀರಿದವರಿಗೆ. ಈಶಾವಾಸ್ಯ ಉಪನಿಷತ್ತು ಮೊದಲ ಮಂತ್ರದಲ್ಲೇ ತ್ಯಾಗದಿಂದ ಭೋಗಿಸು, ಇನ್ನೊಬ್ಬರ ಸ್ವತ್ತಿಗೆ ಆಸೆಪಡಬೇಡ ಎನ್ನುವಾಗಲೂ ಭೋಗವನ್ನು ಬೇಡವೆನ್ನುವುದಿಲ್ಲ. ಇನ್ನೊಬ್ಬರ ಪಾಲಿನ ನೆನಪಿರಲಿ ಎನ್ನುತ್ತದೆ.

ಕರ್ನಾಟಕದಲ್ಲಿ ಈ ಪ್ರಶ್ನೆ 2023ರಿಂದ ಇನ್ನೂ ಮೊನಚಾಗಿದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದಾಗ, ಹಿಂದಿನ ವರ್ಷದ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿ, ತಿಂಗಳಿಗೆ 200 ಯೂನಿಟ್‌ ಮೀರದಂತೆ ಉಚಿತದ ಮಿತಿ ಹಾಕಿದರು. 110 ಯೂನಿಟ್‌ ಮಿತಿಯುಳ್ಳ ಮನೆ 60 ಯೂನಿಟ್ ಬಳಸಿದರೂ ಬಿಲ್ ಸೊನ್ನೆ, 110 ಬಳಸಿದರೂ ಸೊನ್ನೆ. ಬಡ ಮನೆಗಳಿಗೆ ಇದು ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಳಿಸಲು ಇದ್ದ ಹಣದ ಕಾರಣ ಆ ಮನೆಗಳಲ್ಲಿ ಈಗ ಇಲ್ಲ. ಸ್ವಿಚ್ ಆರಿಸಿದರೆ ಲಾಭ ಬೊಕ್ಕಸಕ್ಕೆ, ಶಕ್ತಿನಗರದ ಗಾಳಿಗೆ, ಇನ್ನೂ ಹುಟ್ಟದ ಮಕ್ಕಳಿಗೆ. ಫಲದ ಆಸೆಯಿಲ್ಲದೆ ಮಾಡುವ ಕರ್ಮವೆಂದು ಗೀತೆಯ ಪ್ರವಚನಗಳಲ್ಲಿ ಕೇಳಿದ್ದು ಇಲ್ಲಿ ಸ್ವಿಚ್‌ಬೋರ್ಡಿನವರೆಗೆ ಬಂದು ನಿಂತಿದೆ. ಯಾರೂ ಎಣಿಸದ ಅಕ್ಕಿಯನ್ನು ಲಕ್ಕಮ್ಮ ತಿರುಗಿ ಕಳಿಸಿದ್ದೂ ಇಂಥದೇ ಹೊತ್ತಿನಲ್ಲಿ.

ದೀಪ ಆರಿಸು ಎನ್ನುವುದು ಅಪಶಕುನವೆಂದು ಕನ್ನಡದ ಮನೆಗಳಲ್ಲಿ ‘ದೀಪ ಶಾಂತ ಮಾಡು’, ‘ದೀಪ ದೊಡ್ಡದು ಮಾಡು’ ಎನ್ನುತ್ತಾರೆ. ಮಲಗುವ ಮುನ್ನ ಮಗುವನ್ನು ಕರೆದು, ಹೊರಗಿನ ಲೈಟುಗಳ ಕಡೆ ಕೈತೋರಿಸಿ, ಆ ಮಾತನ್ನು ಇವತ್ತು ರಾತ್ರಿ ಒಮ್ಮೆ ಹೇಳಿ.