ಒಂದೋ, ನೂರೋ?

ನಮ್ಮ ಅಜ್ಜಿ ಒಂಬತ್ತು ಮಕ್ಕಳನ್ನು ಹೆತ್ತಳು, ಉಳಿದವು ನಾಲ್ಕು. ನನಗಿರುವುದು ಒಬ್ಬಳೇ ಮಗಳು. ಕೊರಟಗೆರೆ ಸೀಮೆಯ ನಮ್ಮ ಹಳ್ಳಿಗೆ ಹೋದಾಗಲೆಲ್ಲ ಹಿರಿಯರೊಬ್ಬರು, "ಒಂದು ಕಣ್ಣು ಕಣ್ಣಲ್ಲ, ಒಂದು ಮಗು ಮಗುವಲ್ಲ" ಎಂದು ನನ್ನನ್ನು ಆಕ್ಷೇಪಿಸುತ್ತಾರೆ. ಬೆಂಗಳೂರಿನ ಮಿತ್ರರಾದರೋ, ಸಾಲುಸಾಲಾಗಿ ಹೆತ್ತ ಆ ಕಾಲದವರಿಗೆ ವಿವೇಕವಿರಲಿಲ್ಲವೆಂದು ನಗುತ್ತಾರೆ. ಇವರಲ್ಲಿ ಯಾರ ಮಾತು ಸರಿ?

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿದ್ದಾಗ ಈ ಪ್ರಶ್ನೆ ಮತ್ತೆ ಎದುರಾಯಿತು. ಅಲ್ಲಿನ ಸುಮಾರು 800 ಎಕರೆ ಹುಲ್ಲುಗಾವಲು 2007ರಿಂದ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಗಿದೆ. ಹೆಣ್ಣು ಜಿಂಕೆ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಈಯುತ್ತದೆ. ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ, ಆಗಾಗ ಬಂದು ಹಾಲೂಡಿಸಿ ಹೋಗುತ್ತದೆ. ಬೀದಿನಾಯಿಯೊಂದು ಆ ಹುಲ್ಲನ್ನು ಮೂಸಿತೆಂದರೆ ತಾಯಿಯ ತಿಂಗಳುಗಟ್ಟಲೆಯ ಗರ್ಭಭಾರವೆಲ್ಲ ವ್ಯರ್ಥ.

ಪಾವಗಡದ ಕಡೆ ಕಡಲೆಕಾಯಿ ಬೆಳೆಯುವ ರೈತರು ಇನ್ನೊಬ್ಬ ತಾಯಿಯನ್ನು ಬಲ್ಲರು. ಮುಂಗಾರಿನ ಮೊದಲ ಹದಮಳೆ ಬಿದ್ದೊಡನೆ ಕೆಂಪುತಲೆ ಕಂಬಳಿಹುಳುವಿನ ಪತಂಗ ನೆಲದಿಂದೇಳುತ್ತದೆ. ಕೆಲವೇ ದಿನಗಳಲ್ಲಿ ನೂರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಮಕ್ಕಳ ಮುಖವನ್ನೇ ಅದು ಕಾಣದು. ಆ ನೂರಾರರಲ್ಲಿ ಎರಡು ಬದುಕಿ ಮತ್ತೆ ಮೊಟ್ಟೆಯ ಕಾಲಕ್ಕೆ ಬಂದರೆ ಕುಲ ಇದ್ದಷ್ಟೇ ಇರುತ್ತದೆ. ಇವೆರಡರ ನಡುವಿನದು ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಿಸೆಮರಗಳ ಮೇಲಿನ ಬಣ್ಣದ ಕೊಕ್ಕರೆಯ ಸಂಸಾರ: ಮೂರು ನಾಲ್ಕು ಮೊಟ್ಟೆ, ಮರಿಗಳಿಗೆ ಮೀನು ತರಲು ತಂದೆ ತಾಯಿ ಇಬ್ಬರ ಓಡಾಟ.

ಹಕ್ಕಿ ಎಷ್ಟು ಮರಿಗಳಿಗೆ ಉಣಿಸಬಲ್ಲುದೋ ಅಷ್ಟೇ ಮೊಟ್ಟೆಯಿಡುವಂತೆ ಅದರ ಸ್ವಭಾವ ರೂಪುಗೊಂಡಿದೆಯೆಂದು ಇಂಗ್ಲೆಂಡಿನ ಡೇವಿಡ್ ಲ್ಯಾಕ್ 1947ರಲ್ಲಿ ವಾದಿಸಿದರು. 1967ರಲ್ಲಿ ಮೆಕಾರ್ಥರ್ ಮತ್ತು ವಿಲ್ಸನ್ ಎಂಬ ಅಮೆರಿಕದ ವಿದ್ವಾಂಸರು, ಹಲವನ್ನು ಹೆತ್ತು ಬಿಡುವುದು, ಕೆಲವನ್ನು ಹೆತ್ತು ಸಾಕುವುದು ಎಂಬ ಎರಡು ದಾರಿಗಳನ್ನು ವಿಂಗಡಿಸಿದರು. ಎಲ್ಲ ಜೀವಿಗಳೂ ಈ ಎರಡರೊಳಗೆ ಅಡಗವೆಂದು ಅನಂತರದವರು ತೋರಿಸಿದ್ದುಂಟು. ಆದರೂ ಮೂಲದ ಲೆಕ್ಕ ಸುಳ್ಳಾಗಿಲ್ಲ. ದೇಹದ ಶಕ್ತಿಯೆಂಬ ಹಣದ ಚೀಲಕ್ಕೆ ಮಿತಿಯಿದೆ; ಚಿಲ್ಲರೆಯಾಗಿ ಎರಚಬಹುದು, ಇಲ್ಲವೆ ಒಂದೇ ಇಡುಗಂಟಾಗಿ ಹೂಡಬಹುದು. ಎಷ್ಟು ಕಾಪಾಡಿದರೂ ಸಾವು ತಪ್ಪದ ಕಡೆ ಹಲವು ಮೇಲು; ಕಾಪಾಡಿದರೆ ಉಳಿಯುವ ಕಡೆ ಕೆಲವು ಮೇಲು.

ಹಾಗಾದರೆ ಅಜ್ಜಿ ಅವಿವೇಕಿಯಲ್ಲ, ನಾನು ಸ್ವಾರ್ಥಿಯಲ್ಲ. ಸಿಡುಬು, ಕಾಲರಾಗಳ ಕಾಲದಲ್ಲಿ ಯಾರು ತಾನೆ ಒಂದೇ ಮಗುವನ್ನು ನಂಬಿ ಕೂರಬಲ್ಲರು? ನಾನು ಲಸಿಕೆಯನ್ನು ನಂಬಿದೆ, ಆಸ್ಪತ್ರೆಯನ್ನು ನಂಬಿದೆ. ಹಾಗೆ ನಂಬಿದವರು ಬಹಳ ಮಂದಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಹೆಣ್ಣೊಬ್ಬಳಿಗೆ ಸರಾಸರಿ 1.7 ಮಕ್ಕಳು.

ಇಷ್ಟು ಹೇಳಿ ಲೇಖನಿಯನ್ನು ಕೆಳಗಿಡಬಹುದಿತ್ತು. ಆದರೆ ಮನಸ್ಸು ಒಪ್ಪದು. ಮೊದಲನೆಯದಾಗಿ, ಒಂಬತ್ತು ಬೇಕೆ ಎಂದು ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಜೊತೆಗೆ, ಪ್ರಕೃತಿಯ ಖಾತೆಯಲ್ಲಿ ಉಳಿದವರಿಗೆ ಮಾತ್ರ ಲೆಕ್ಕ. ಮಕ್ಕಳೆಷ್ಟು ಎಂದು ಕೇಳಿದವರಿಗೆ ಅಜ್ಜಿ ಕೊನೆಯವರೆಗೂ "ಒಂಬತ್ತು" ಎಂದೇ ಹೇಳುತ್ತಿದ್ದಳು. ನಾಲ್ಕು ಎಂದು ತಿದ್ದುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಪತಂಗಕ್ಕೂ ಅಜ್ಜಿಗೂ ಇರುವ ಅಂತರ ಅದೇ. ಹುಳುವಿನ ಲೆಕ್ಕದಿಂದ ಮನುಷ್ಯರ ಹೆಚ್ಚು ಕಡಿಮೆಯನ್ನು ಅರಿಯಬಹುದು. ಅವರ ಧರ್ಮವನ್ನು ಅದರಿಂದ ಕಲಿಯಲಾಗದು.

ಒಂದನ್ನೇ ಹೆರುವವರು ಲೋಕಕ್ಕೆ ದೊಡ್ಡ ಸಾಲ ಕೊಟ್ಟಂತೆ. ಅದನ್ನು ತೀರಿಸಬೇಕಾದವರು ಸುತ್ತಲಿನ ನಾವು. ಮೈದನಹಳ್ಳಿಯ ಹುಲ್ಲು ಹುಲ್ಲಾಗಿಯೇ ಉಳಿಯಬೇಕು. ನಮ್ಮ ಬೀದಿಯನ್ನು ಮಗುವೊಂದು ನಿರ್ಭಯವಾಗಿ ದಾಟುವಂತಿರಬೇಕು. ಸಂಜೆ ಮಗಳು ಶಾಲೆಯಿಂದ ಬರುವುದು ಅರ್ಧ ಗಂಟೆ ತಡವಾದರೆ ಬಾಗಿಲಲ್ಲಿ ನಿಲ್ಲುತ್ತೇನೆ. ಆಗ ಆ ಹೆಣ್ಣು ಜಿಂಕೆಯ ನೆನಪಾಗುತ್ತದೆ.