ಋಣವೂ ಸಾಲವೂ

ನಮ್ಮ ಭಾಷೆಯಲ್ಲಿ ಋಣ ಎಂಬ ಮಾತೂ ಇದೆ, ಸಾಲ ಎಂಬ ಮಾತೂ ಇದೆ. ನಿಘಂಟು ಎರಡಕ್ಕೂ ಒಂದೇ ಅರ್ಥ ಹೇಳಬಹುದು. ಆಡುವ ಬಾಯಿ ಮಾತ್ರ ಅವನ್ನು ಬೇರೆ ಬೇರೆಯಾಗಿಯೇ ಇಟ್ಟುಕೊಂಡಿದೆ. ಸಾಲಕ್ಕೆ ಪತ್ರವಿದೆ, ಬಡ್ಡಿಯಿದೆ, ವಾಯಿದೆಯಿದೆ. ತೀರಿಸಿ ರಸೀತಿ ಪಡೆದರೆ ಅಲ್ಲಿಗೆ ಮುಗಿಯಿತು. ಋಣಕ್ಕೆ ಇವು ಯಾವುವೂ ಇಲ್ಲ. ತಾಯಿಯ ಋಣ, ಗುರುವಿನ ಋಣ, ಅನ್ನದ ಋಣ ಎನ್ನುತ್ತೇವೆ. ಇವನ್ನು ತೀರಿಸಿದೆನೆಂದು ರಸೀತಿ ತೋರಿಸುವವನನ್ನು ಕಂಡರೆ ನಗುತ್ತೇವೆ. ಹಾಗಾದರೆ ಒಂದು ದೇಶ ತನಗಾಗಿ ಆಯುಧ ಹಿಡಿದವನಿಗೆ ಸಲ್ಲಿಸಬೇಕಾದದ್ದು ಋಣವೋ, ಸಾಲವೋ? ಅದಕ್ಕೆ ವಾಯಿದೆ ಉಂಟೋ, ಇಲ್ಲವೋ? ಅಮೆರಿಕದ ಮಾಜಿ ಸೈನಿಕರ ವಿದ್ಯಾಭ್ಯಾಸದ ಕಥೆಯನ್ನು ಓದುವಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡಿದೆ.

ಆ ದೇಶವೂ ತನ್ನ ಪಾಠವನ್ನು ಸುಲಭವಾಗಿ ಕಲಿಯಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಹೋರಾಡಿ ಬಂದವರಿಗೆ 1924ರಲ್ಲಿ ಒಂದು ಕಾನೂನು ಮಾಡಿ ಪತ್ರಗಳನ್ನು ಹಂಚಿದರು. ಹಣ ಪೂರ್ತಿ ಕೈಗೆ ಬರಬೇಕಾದದ್ದು 1945ರಲ್ಲಿ. ಅಷ್ಟರಲ್ಲಿ ಆರ್ಥಿಕ ಮುಗ್ಗಟ್ಟು ಬಂದಿತು. 1932ರ ಬೇಸಿಗೆಯಲ್ಲಿ ಸಾವಿರಾರು ಮಾಜಿ ಸೈನಿಕರು, ಕೆಲವರು ಹೆಂಡಿರು ಮಕ್ಕಳೊಡನೆ, ರಾಜಧಾನಿ ವಾಷಿಂಗ್ಟನ್ನಿಗೆ ಬಂದು ಗುಡಿಸಲು ಹಾಕಿಕೊಂಡು ಕುಳಿತರು. ನಮ್ಮ ಹಣವನ್ನು ಈಗಲೇ ಕೊಡಿ ಎಂದರು. ಜುಲೈ 28ರಂದು ಜನರಲ್ ಮ್ಯಾಕ್‌ಆರ್ಥರನ ಪಡೆ ಅವರನ್ನು ಅಟ್ಟಿತು, ಗುಡಿಸಲುಗಳು ಉರಿದವು. ನಿನ್ನೆಯ ಸಿಪಾಯಿಯನ್ನು ಇಂದಿನ ಸಿಪಾಯಿ ಓಡಿಸಿದ ಆ ದೃಶ್ಯವನ್ನು ಜನ ಮರೆಯಲಿಲ್ಲ.

ಎರಡನೆಯ ಮಹಾಯುದ್ಧ ಮುಗಿಯುವ ಮೊದಲೇ, 1944ರ ಜೂನ್ 22ರಂದು, ಅಧ್ಯಕ್ಷ ರೂಸ್‌ವೆಲ್ಟರು ಸಹಿ ಮಾಡಿದ ಕಾನೂನು ಆ ತಪ್ಪಿಗೆ ಪ್ರಾಯಶ್ಚಿತ್ತದಂತಿತ್ತು. ಜನ ಅದನ್ನು ಜಿ.ಐ. ಬಿಲ್ ಎಂದು ಕರೆದರು, ಜಿ.ಐ. ಎಂದರೆ ಅಲ್ಲಿಯ ಆಡುಮಾತಿನಲ್ಲಿ ಸಾಮಾನ್ಯ ಸಿಪಾಯಿ. ಕಾಲೇಜಿಗೆ ಸೇರಿದವನ ಫೀಸಿಗೆ ವರ್ಷಕ್ಕೆ 500 ಡಾಲರಿನವರೆಗೆ ಸರ್ಕಾರ ಕೊಟ್ಟಿತು. ಹೊಟ್ಟೆಪಾಡಿಗೆ, ಆರಂಭದಲ್ಲಿ, ಒಂಟಿಗನಿಗೆ ತಿಂಗಳಿಗೆ 50, ಸಂಸಾರಸ್ಥನಿಗೆ 75 ಡಾಲರ್. ಷಿಕಾಗೋ ವಿಶ್ವವಿದ್ಯಾನಿಲಯದ ಮುಖ್ಯಸ್ಥ ಹಚಿನ್ಸರಂಥ ಪಂಡಿತರು, ವಿದ್ಯೆಯ ಆಸೆಗಿಂತ ಹಣದ ಆಸೆಯಿಂದ ಬರುವವರು ಕಾಲೇಜುಗಳನ್ನು ತುಂಬಿಯಾರೆಂದು ಹೆದರಿದರು. ಆದದ್ದೇ ಬೇರೆ. 22 ಲಕ್ಷ ಮಂದಿ ಕಾಲೇಜಿನ ಮೆಟ್ಟಿಲು ಹತ್ತಿದರು. ಇತರ ತರಬೇತುಗಳನ್ನೂ ಕೂಡಿಸಿದರೆ 1956ರ ವೇಳೆಗೆ ಸುಮಾರು 78 ಲಕ್ಷ ಮಂದಿ ಇದರ ಪ್ರಯೋಜನ ಪಡೆದರು. ದಕ್ಷಿಣ ಪ್ರಾಂತಗಳಲ್ಲಿ ಕರಿಯ ಸೈನಿಕರಿಗೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿಯೇ ಇತ್ತೆಂಬುದು ಆ ಕಥೆಯ ಕಪ್ಪು ಚುಕ್ಕೆ. ಆದರೂ ಅದರ ಹಿಂದಿನ ಭಾವನೆ ದೊಡ್ಡದು. ನಮ್ಮ ಶಾಸನಗಳಲ್ಲಿ ನೆತ್ತರುಗೊಡಗೆಯೆಂಬ ಮಾತು ಬರುತ್ತದೆ. ಕಾದಿ ಸತ್ತವನ ಮನೆಯವರಿಗೆ ಬಿಟ್ಟ ಭೂಮಿ ಅದು. ಸತ್ತವನನ್ನು ಗೌರವಿಸುವುದನ್ನು ಲೋಕ ಬಹುಹಿಂದೆಯೇ ಕಲಿತಿದೆ. ಬದುಕಿ ಬಂದವನನ್ನು ಏನು ಮಾಡಬೇಕೆಂಬುದು ಅದಕ್ಕಿಂತ ಕಷ್ಟದ ಪ್ರಶ್ನೆ. ಕಳೆದುಹೋದ ನಿನ್ನ ಯೌವನದ ವರ್ಷಗಳನ್ನು ವಿದ್ಯೆಯ ರೂಪದಲ್ಲಿ ಹಿಂದಿರುಗಿಸುತ್ತೇವೆ ಎಂಬುದು 1944ರ ಉತ್ತರ.

ಇಂದಿನ ಸ್ಥಿತಿಗೆ ಬರೋಣ. 2001ರ ಸೆಪ್ಟೆಂಬರ್ 11ರಿಂದೀಚೆಗೆ ಸೇವೆ ಮಾಡಿದವರಿಗಾಗಿ 2008ರಲ್ಲಿ ಹೊಸ ಕಾನೂನು ಬಂದಿತು. ಮೂರು ವರ್ಷ ದುಡಿದವನಿಗೆ ಅದು ಪೂರ್ಣ ಸೌಲಭ್ಯ ಕೊಡುತ್ತದೆ: ಸರ್ಕಾರಿ ವಿಶ್ವವಿದ್ಯಾನಿಲಯದ ಫೀಸು, ಮನೆ ಬಾಡಿಗೆಗೆ ಭತ್ಯ, ಪುಸ್ತಕಕ್ಕೆ ವರ್ಷಕ್ಕೆ 1,000 ಡಾಲರಿನವರೆಗೆ. ಉದಾರವಾದ ಕೊಡುಗೆಯೇ ಸರಿ. ಆದರೆ ಅದಕ್ಕೊಂದು ಅಳತೆಯಿದೆ: 36 ತಿಂಗಳು. ಒಂಬತ್ತು ತಿಂಗಳ ಶಾಲಾವರ್ಷದ ಲೆಕ್ಕದಲ್ಲಿ ಸರಿಯಾಗಿ ನಾಲ್ಕು ವರ್ಷ. ಮೊದಲ ಪದವಿ ಕೈಗೆ ಬರುವ ದಿನವೇ ಥೈಲಿ ಬರಿದಾಗಿರುತ್ತದೆ.

ಒಬ್ಬ ತರುಣಿಯನ್ನು ಊಹಿಸಿಕೊಳ್ಳೋಣ. ಒಹಾಯೋ ಪ್ರಾಂತದ, ಕಾರ್ಖಾನೆ ಮುಚ್ಚಿಹೋದ ಒಂದು ಊರಿನವಳು. ಮನೆಯಲ್ಲಿ ಕಾಲೇಜಿಗೆ ಹಣವಿಲ್ಲ. ಹದಿನೆಂಟಕ್ಕೆ ಸೈನ್ಯ ಸೇರಿದಳು. ಆಫ್ಘಾನಿಸ್ತಾನದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿದಳು. ಮೈಯ ಗಾಯ ಮಾಯ್ದ ಮೇಲೂ ಮನಸ್ಸಿನ ಗಾಯ ಮಾಯದವರನ್ನು ಕಣ್ಣಾರೆ ಕಂಡಳು. ಹಿಂದಿರುಗಿ ಪದವಿ ಪಡೆದಳು; ಈಗ ಅಂಥವರ ಮನಸ್ಸಿಗೆ ಚಿಕಿತ್ಸೆ ನೀಡುವ ಕೆಲಸ ಮಾಡಬೇಕೆಂದಿದ್ದಾಳೆ. ಆ ಕೆಲಸದ ಲೈಸೆನ್ಸಿಗೆ ಸಮಾಜಸೇವಾಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು, ಇನ್ನೆರಡು ವರ್ಷ. ಅವಳ 36 ತಿಂಗಳು ಮುಗಿದಿವೆ.

ದಾರಿಗಳಿಲ್ಲವೆಂದಲ್ಲ. ಡಾಕ್ಟರೇಟಿಗೆ ಓದುವವರಿಗೆ ಕೆಳಗಿನ ತರಗತಿಗಳಿಗೆ ಪಾಠ ಹೇಳಿ ಫೀಸಿನಿಂದ ಪಾರಾಗುವ ಅವಕಾಶ ಹಲವು ಕಡೆ ಉಂಟು. ಎರಡು ವರ್ಷದ ವೃತ್ತಿಪದವಿಗೆ ಅದು ಅಪರೂಪ. ಸೇವೆಯಲ್ಲಿ ಅಂಗಹಾನಿಯಾದವರಿಗೆ ಪುನರ್ವಸತಿ ಯೋಜನೆಯೊಂದಿದೆ. ವಿಜ್ಞಾನ, ತಂತ್ರಶಾಸ್ತ್ರ ಮೊದಲಾದ ವಿಷಯಗಳಿಗೆ, ಅದೂ ಮುಖ್ಯವಾಗಿ ಮೊದಲ ಪದವಿಗೆ, ಇನ್ನೊಂಬತ್ತು ತಿಂಗಳವರೆಗೆ, 30,000 ಡಾಲರ್ ಮೀರದಂತೆ, ನೆರವು ಸಿಗಬಹುದು. 2004ರಲ್ಲಿ ಆಫ್ಘಾನಿಸ್ತಾನದಲ್ಲಿ ಮಡಿದ ಫುಟ್‌ಬಾಲ್ ಆಟಗಾರ ಪ್ಯಾಟ್ ಟಿಲ್‌ಮನ್ನನ ಹೆಸರಿನ ವಿದ್ಯಾರ್ಥಿವೇತನವಿದೆ. ಬೇಡುವವರು ಬಹಳ, ಸಿಗುವವರು ಕೆಲವರು. ಇವು ಯಾವುವೂ ಒದಗದವಳಿಗೆ ಉಳಿದದ್ದು ಸಾಲ. ಅದಕ್ಕೂ 2025ರ ಕಾನೂನೊಂದು ಮಿತಿ ಹಾಕಿದೆ: 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಸಾಧಾರಣ ಸ್ನಾತಕೋತ್ತರ ವ್ಯಾಸಂಗಕ್ಕೆ ವರ್ಷಕ್ಕೆ 20,500 ಡಾಲರ್, ಒಟ್ಟು ಒಂದು ಲಕ್ಷ. ಋಣ ಯಾರಿಗೆ ಸಲ್ಲಬೇಕಾಗಿತ್ತೋ ಅವಳೇ ಈಗ ಸಾಲಗಾರ್ತಿ.

ಇದು ಕೇವಲ ಊಹೆಯೆನ್ನಬೇಡಿ. ಜೇಮ್ಸ್ ರುಡಿಸಿಲ್ ಎಂಬಾತನ ಮೊಕದ್ದಮೆ ಅಲ್ಲಿಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮೂರು ಅವಧಿಗಳಲ್ಲಿ ಸುಮಾರು ಎಂಟು ವರ್ಷ ಸೇವೆ ಮಾಡಿದವನು. ಹಳೆಯ ಕಾನೂನಿನ ಮೇರೆಗೆ 25 ತಿಂಗಳು 14 ದಿನದ ಸೌಲಭ್ಯ ಬಳಸಿ ಪದವಿ ಮುಗಿಸಿದ್ದ. ಹೊಸ ಕಾನೂನಿನ ಸೌಲಭ್ಯದಿಂದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಧರ್ಮಶಾಸ್ತ್ರ ಓದಿ ಸೈನ್ಯಕ್ಕೇ ಪಾದ್ರಿಯಾಗಿ ಹಿಂದಿರುಗಬೇಕೆಂದಿದ್ದ. ಇಲಾಖೆ ಲೆಕ್ಕ ಹಾಕಿ, ಇನ್ನುಳಿದದ್ದು 10 ತಿಂಗಳು 16 ದಿನ ಮಾತ್ರ ಎಂದಿತು. ಎರಡು ಅವಧಿಯ ಸೇವೆಗೆ ಎರಡು ಹಕ್ಕು ಗಳಿಸಿದವನಿಗೆ ಕಾನೂನು ಒಟ್ಟು 48 ತಿಂಗಳವರೆಗೆ ಕೊಡುತ್ತದೆಂಬುದು ಅವನ ವಾದ. 2024ರ ಏಪ್ರಿಲ್ 16ರಂದು ಕೋರ್ಟು, ಏಳು ನ್ಯಾಯಾಧೀಶರು ಒಂದೆಡೆ, ಇಬ್ಬರು ಇನ್ನೊಂದೆಡೆಯಾಗಿ, ಅವನ ಪರ ತೀರ್ಪಿತ್ತಿತು. ತೀರ್ಪು ಬರುವ ಹೊತ್ತಿಗೆ ವರ್ಷಗಳೇ ಉರುಳಿದ್ದವು. ಇಲಾಖೆಯವರು ದುಷ್ಟರೆಂದು ನಾನು ಹೇಳುವುದಿಲ್ಲ. ಋಣವನ್ನು ದಿನಗಳಲ್ಲಿ ಎಣಿಸತೊಡಗಿದ ಮೇಲೆ, ಎಣಿಸುವವನು ಒಂದು ದಿನವನ್ನೂ ಹೆಚ್ಚು ಬಿಡಲಾರ. ಅದು ಎಣಿಕೆಯ ಸ್ವಭಾವ.

ಇದಕ್ಕೆ ಎದುರುವಾದವೂ ಇದೆ, ಅದು ಹಗುರವಾದದ್ದಲ್ಲ. 1944ರ ಸೈನಿಕರಲ್ಲಿ ಬಹುಪಾಲು ಮಂದಿಯನ್ನು ಸರ್ಕಾರ ಕಡ್ಡಾಯವಾಗಿ ಕರೆದೊಯ್ದಿತ್ತು. 1973ರಲ್ಲಿ ಆ ಕಡ್ಡಾಯ ನಿಂತುಹೋಯಿತು. ಇಂದು ಸೇರುವವರು ಕರಾರಿಗೆ ಸಹಿ ಹಾಕಿ ಸೇರುತ್ತಾರೆ. ಹೇಳಿದ್ದನ್ನು ಕೊಟ್ಟಾಯಿತು, ಇನ್ನೇನು? ಅದಕ್ಕಿಂತ ಗಟ್ಟಿಯಾದ ಮಾತು ಇನ್ನೊಂದಿದೆ. ನಮ್ಮ ಈ ತರುಣಿಯ ನೆರೆಮನೆಯ ಹುಡುಗಿ ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಲು ಊರಲ್ಲೇ ಉಳಿದಳೆನ್ನಿ. ಹೋಟೆಲಿನಲ್ಲಿ ತಟ್ಟೆಯೆತ್ತಿ ದುಡಿದಳು. ಕಾಲೇಜಿನ ಮುಖ ಕಾಣಲಿಲ್ಲ. ಅವಳೂ ತೆರಿಗೆ ಕೊಡುತ್ತಾಳೆ. ಇನ್ನೊಬ್ಬಳ ಎರಡನೆಯ ಪದವಿಯ ಹೊರೆಯನ್ನು ಅವಳೇಕೆ ಹೊರಬೇಕು?

ಈ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಮೇರೆಯೇ ಇಲ್ಲದ ಕೊಡುಗೆ ಕೊಡಬೇಕೆಂದು ಹೇಳಲಾರೆ. ಆದರೆ ಆ ನೆರೆಮನೆಯವಳ ದೂರು ಸೈನಿಕಳ ಮೇಲಿನದಲ್ಲ. ಬಂದೂಕು ಹಿಡಿಯದೆ ಬಡವನ ಮಗಳಿಗೆ ವಿದ್ಯೆ ಸಿಗುವುದು ಕಷ್ಟವಾಗಿರುವ ವ್ಯವಸ್ಥೆಯ ಮೇಲಿನದು. ಉಳ್ಳವರ ಮಕ್ಕಳು ಪ್ರಾಣವನ್ನು ಒತ್ತೆಯಿಡದೆ ಓದುವ ದೇಶದಲ್ಲಿ, ಇಲ್ಲದವರ ಕರಾರನ್ನು ಪೂರ್ಣ ಸ್ವಇಚ್ಛೆಯದೆನ್ನಲು ನಾಲಗೆ ತಡವರಿಸಬೇಕು. ಹದಿನೆಂಟರ ಹುಡುಗಿಗೆ ವಿದ್ಯೆಯ ಆಸೆ ತೋರಿಸುವ ಬಾಯಿ, ಅದು ಯಾವ ಮೆಟ್ಟಿಲಲ್ಲಿ ನಿಲ್ಲುತ್ತದೆಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಇನ್ನೊಂದು ವಿಚಿತ್ರವನ್ನು ಗಮನಿಸಿ. ಸಾರ್ವಜನಿಕ ಸೇವೆಗೆ ಸಾಲ ತೀರಿಸುವ ಶಕ್ತಿಯುಂಟೆಂದು ಆ ದೇಶವೇ ಒಪ್ಪಿಕೊಂಡಿದೆ. 2007ರ ಕಾನೂನಿನಂತೆ, ವಿದ್ಯಾಭ್ಯಾಸಕ್ಕಾಗಿ ಸರ್ಕಾರದಿಂದ ಸಾಲ ಪಡೆದವನು ಸರ್ಕಾರಿ ಅಥವಾ ಧರ್ಮಾರ್ಥ ಸಂಸ್ಥೆಯ ಉದ್ಯೋಗದಲ್ಲಿದ್ದುಕೊಂಡು 120 ಮಾಸಿಕ ಕಂತು ಕಟ್ಟಿದರೆ ಉಳಿದದ್ದು ಮನ್ನಾ. ಸಾಲ ಮೊದಲು, ಸೇವೆ ಆಮೇಲೆ ಎಂದಾದರೆ ಸೇವೆ ಲೆಕ್ಕಕ್ಕೆ ಬರುತ್ತದೆ. ಸೇವೆ ಮೊದಲು ಸಲ್ಲಿಸಿ ಆಮೇಲೆ ಸಾಲ ಮಾಡಿದವಳ ಆ ವರ್ಷಗಳು ಈ ಲೆಕ್ಕದಲ್ಲಿ ಸೊನ್ನೆ. ಮುಂಗಡ ಕೊಟ್ಟವಳಿಗಿಂತ ಕಡ ಹೇಳಿದವನಿಗೆ ಹೆಚ್ಚಿನ ಮರ್ಯಾದೆ! ಆಕೆಯ ನಾಲ್ಕು ವರ್ಷದ ಸೇವೆಯನ್ನು ಆ ಹತ್ತು ವರ್ಷದಲ್ಲಿ ಮುರಿದುಕೊಂಡರೆ ಯಾರಿಗೂ ಅನ್ಯಾಯವಾಗದು. ಆಕೆ ಕೇಳುವುದು ದಾನವಾಗಿಯೂ ಉಳಿಯದು. ನೆರೆಮನೆಯವಳ ಮುಂದೆಯೂ ತಲೆಯೆತ್ತಿ ಹೇಳಬಹುದಾದ ಮಾತು ಇದು.

ನಾನು ಕಂಡುಕೊಂಡದ್ದು ಇಷ್ಟೆ. ಖಜಾನೆಗೆ ಮೇರೆಯುಂಟು, ಇರಲೇಬೇಕು. ಸಾಲದ ಭಾಷೆಯನ್ನು ಸರ್ಕಾರ ಆಡದೆ ನಡೆಯದು. ಆದರೆ 36 ತಿಂಗಳು ಮುಗಿದ ದಿನ ಮುಗಿದದ್ದು ಕೊಡುವ ಹಣ; ಋಣವಲ್ಲ. ಹಣ ತೀರಿದಾಗ ಋಣವೂ ತೀರಿತೆಂದು ತಿಳಿಯುವ ದೇಶ, ಮುಂದಿನ ಸಲ ಹದಿನೆಂಟರ ಮಕ್ಕಳನ್ನು ಕರೆಯುವಾಗ ಯಾವ ಮಾತಿನಿಂದ ಕರೆದೀತು?