ದಿನವೆಲ್ಲ ಆಟ: ಅಭ್ಯಾಸವೋ, ವ್ಯಸನವೋ?

ಹೊತ್ತನ್ನು ಕಳೆಯುವುದು ಎಂಬುದು ನಮ್ಮ ನುಡಿಯ ನಿತ್ಯಪ್ರಯೋಗಗಳಲ್ಲೊಂದು. ಕಳೆಯುವುದೆಂದರೆ ವ್ಯಯಮಾಡುವುದೂ ಆಯಿತು, ಲೆಕ್ಕದಲ್ಲಿ ತೆಗೆದುಹಾಕುವುದೂ ಆಯಿತು, ಕೈತಪ್ಪಿಸಿಕೊಳ್ಳುವುದೂ ಆಯಿತು. ಒಬ್ಬನು "ಈ ದಿನವನ್ನು ಹೀಗೆ ಕಳೆದೆನು" ಎಂದರೆ, ಅವನು ಆ ದಿನವನ್ನು ಉಪಯೋಗಿಸಿದನೋ ಇಲ್ಲವೆ ಕಳೆದುಕೊಂಡನೋ ಎಂಬುದು ಆ ಮಾತಿನಿಂದ ಗೊತ್ತಾಗಲಾರದು. ಈಗಿನ ತರುಣರು ಬೆಳಗಿನಿಂದ ರಾತ್ರಿಯವರೆಗೆ ಮೊಬೈಲು ಅಥವಾ ಕಂಪ್ಯೂಟರಿನ ಪರದೆಯ ಮುಂದೆ ಕುಳಿತು ವಿಡಿಯೋ ಗೇಮುಗಳನ್ನಾಡುವ ವಿಷಯದಲ್ಲಿ ಈ ಸಂದೇಹವು ಮನೆಮನೆಯ ಕಲಹವಾಗಿ ಪರಿಣಮಿಸಿದೆ. ಆದುದರಿಂದ ಕೋಪವನ್ನು ತುಸು ದೂರವಿಟ್ಟು ಈ ಪ್ರಶ್ನೆಯನ್ನು ವಿಚಾರಿಸಿ ನೋಡುವುದು ಯುಕ್ತವೆಂದು ತೋರುವುದು.

ನನ್ನಲ್ಲಿ ಓದಿ ಈಗ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವ ತರುಣನೊಬ್ಬನು ಇದೇ ಕಾರಣದಿಂದ ತಂದೆಯೊಡನೆ ಮಾತುಬಿಟ್ಟಿದ್ದನು. ಅವನು ಆಡುವುದು ಬಿಜಿಎಂಐ ಎಂಬ ಆಟ. ಬೇರೆಬೇರೆ ಊರುಗಳಲ್ಲಿರುವ ನಾಲ್ವರು ಗೆಳೆಯರು ಒಂದೇ ತಂಡವಾಗಿ ಕೂಡಿ ಆಡಬಹುದಾದುದು. "ಮೇಷ್ಟ್ರೇ, ವಾರದಲ್ಲಿ ಆರು ದಿನ ದುಡಿಯುತ್ತೇನೆ, ಸಂಬಳವನ್ನು ಅಮ್ಮನ ಕೈಗೆ ಕೊಡುತ್ತೇನೆ. ಭಾನುವಾರ ಒಂದು ದಿನ ಆಡಿದರೆ ಅಪ್ಪನ ಕಣ್ಣಿಗೆ ದಂಡಪಿಂಡವಾಗುತ್ತೇನೆ. ನಾನು ಮಾಡಿದ ತಪ್ಪು ಯಾವುದು, ನೀವೇ ಹೇಳಿ" ಎಂದು ಕೇಳಿದನು. ಪ್ರಶ್ನೆಯು ನ್ಯಾಯವಾದುದೇ. ಆಟವೆಂಬುದು ಕೆಟ್ಟದ್ದೆಂದು ಒಂದೇ ಮಾತಿನಲ್ಲಿ ಹೇಳಿ ಅವನನ್ನು ಕಳುಹಿಸಬಹುದಾಗಿತ್ತು. ಆದರೆ ಅದು ಉತ್ತರವಾಗುತ್ತಿರಲಿಲ್ಲ.

ಮೊದಲು ಹಿರಿಯರ ಪಕ್ಷವನ್ನೇ ತೆಗೆದುಕೊಳ್ಳೋಣ. ಆಟದಿಂದ ಫಲವಿಲ್ಲ, ಫಲವಿಲ್ಲದುದಕ್ಕೆ ದಿನವನ್ನು ಸುರಿಯುವುದು ದೋಷ, ಇದು ಅವರ ವಾದ. ಮನುಸ್ಮೃತಿಯು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಬೇಟೆ, ಪಗಡೆಯ ಜೂಜು, ಹಗಲು ನಿದ್ದೆ, ಗುರಿಯಿಲ್ಲದ ತಿರುಗಾಟ ಮುಂತಾದುವನ್ನು ಹೇಳಿರುವುದನ್ನೂ ಅವರು ಆಧಾರವಾಗಿ ಕೊಡಬಹುದು. ಆದರೆ ಅದೇ ಪಟ್ಟಿಯಲ್ಲಿ ನೃತ್ಯ, ಗೀತ, ವಾದ್ಯಗಳೂ ಇವೆಯೆಂಬುದನ್ನು ಮರೆಯಬಾರದು. ದಿನವೆಲ್ಲ ವೀಣೆಯ ಮುಂದೆ ಕುಳಿತವನನ್ನು ನಾವು ಸಾಧಕನೆನ್ನುತ್ತೇವೆ. ಹಾಗಾದರೆ ಆ ಪಟ್ಟಿಯು ವಸ್ತುಗಳನ್ನು ನಿಂದಿಸುವುದಕ್ಕಾಗಿ ಹುಟ್ಟಿದುದಲ್ಲ; ರಾಜನಾದವನು ಅವುಗಳಿಗೆ ಅಂಟಿಕೊಂಡು ರಾಜ್ಯವನ್ನು ಮರೆಯುವನೆಂಬ ಭಯದಿಂದ ಹುಟ್ಟಿದುದು.

ನಮ್ಮ ನಾಡಿನಲ್ಲೇ ಇದಕ್ಕೊಂದು ದೃಷ್ಟಾಂತವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ 1831ರಲ್ಲಿ ಇಂಗ್ಲಿಷರು ಆಡಳಿತವನ್ನು ತೆಗೆದುಕೊಂಡರು. ಅನಂತರ 1868ರಲ್ಲಿ ತೀರಿಕೊಳ್ಳುವವರೆಗೆ ಅವರು ವಿದ್ಯೆ ಕಲೆಗಳೊಡನೆ ಬಾಳಿದರು. ಚದುರಂಗದ ಚಮತ್ಕಾರಗಳನ್ನು ರಚಿಸಿದರು, ಹೊಸ ಹೊಸ ಮಣೆಯಾಟಗಳನ್ನು ಕಲ್ಪಿಸಿದರು. ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯೆಂಬುದು ಆಟಗಳಿಗೇ ಮೀಸಲು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಆ ಆಟಗಳ ಚಿತ್ರಗಳನ್ನು ಕಾಣಬಹುದು. ಆ ಅರಸರು ಆಟದಲ್ಲಿ ಕಳೆದ ದಿನಗಳು ವ್ಯರ್ಥವೆಂದು ಹೇಳುವ ಧೈರ್ಯವು ಯಾರಿಗಿದೆ? ಇತ್ತೀಚಿನ ಸಂಗತಿಯನ್ನು ಹೇಳುವುದಾದರೆ, 2024ರ ಡಿಸೆಂಬರಿನಲ್ಲಿ ಗುಕೇಶನು ತನ್ನ ಹದಿನೆಂಟನೆಯ ವಯಸ್ಸಿನಲ್ಲಿ ಚದುರಂಗದ ಜಗಜ್ಜೇತನಾದಾಗ ನಾಡೆಲ್ಲ ಹಿಗ್ಗಿತು. 2023ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯಾ ಕ್ರೀಡಾಕೂಟದಲ್ಲಿ ವಿಡಿಯೋ ಗೇಮುಗಳಿಗೂ ಪದಕಗಳನ್ನು ಕೊಟ್ಟರು. ದಿನವೆಲ್ಲ ಆಡದೆ ಅಂಥ ಪದವಿ ದೊರೆಯುವುದಿಲ್ಲ. ಗೆದ್ದವನ ದಿನವು ಸಾರ್ಥಕ, ಸೋತವನ ದಿನವು ವ್ಯರ್ಥ ಎನ್ನುವುದಾದರೆ ನಾವು ಧರ್ಮವನ್ನು ವಿಚಾರಿಸುತ್ತಿಲ್ಲ, ಬರಿಯ ಲಾಭವನ್ನು ಎಣಿಸುತ್ತಿದ್ದೇವೆ.

ಇನ್ನು ಕೆಲವರು ಗಂಟೆಗಳನ್ನು ಎಣಿಸಿ ತೀರ್ಪು ಹೇಳುವರು. ದಕ್ಷಿಣ ಕೊರಿಯಾ ದೇಶವು ಹದಿನಾರು ವರ್ಷ ತುಂಬದವರು ನಡುರಾತ್ರಿಯಿಂದ ಬೆಳಗಿನ ಆರು ಗಂಟೆಯವರೆಗೆ ಆನ್‌ಲೈನ್ ಆಟಗಳನ್ನಾಡಬಾರದೆಂದು 2011ರಲ್ಲಿ ವಿಧಿಸಿತು. ಆ ಕಟ್ಟಳೆಯನ್ನು 2022ರ ಆರಂಭಕ್ಕೆ ತಾನೇ ತೆಗೆದುಹಾಕಿತು. ಚೀನಾ ದೇಶವು 2021ರಲ್ಲಿ ಬಾಲಕರಿಗೆ ಶುಕ್ರವಾರ, ಶನಿವಾರ, ಭಾನುವಾರಗಳ ಸಂಜೆ ಒಂದೊಂದೇ ಗಂಟೆಯೆಂದು ಗೊತ್ತುಮಾಡಿತು. ಬಾಲಕರ ವಿಷಯದಲ್ಲಿ ಬೇಲಿಯು ಬೇಕಾಗಬಹುದು. ಆದರೆ ಬೇಲಿಯು ಪೈರನ್ನು ಕಾಯಬಲ್ಲುದೇ ಹೊರತು ಬೆಳೆಸಲಾರದು. ವಿಶ್ವ ಆರೋಗ್ಯ ಸಂಸ್ಥೆಯು ಆಟದ ಗೀಳನ್ನು 2022ರಿಂದ ಜಾರಿಗೆ ಬಂದ ತನ್ನ ರೋಗಪಟ್ಟಿಯಲ್ಲಿ ಸೇರಿಸಿತಷ್ಟೆ. ಅಲ್ಲಿಯೂ ಇಷ್ಟು ಗಂಟೆಯಾದರೆ ರೋಗವೆಂದು ಹೇಳಲಿಲ್ಲ. ಆಟದ ಮೇಲಿನ ಹತೋಟಿ ತಪ್ಪುವುದು, ಬಾಳಿನ ಇತರ ಕಾರ್ಯಗಳಿಗಿಂತ ಆಟವೇ ಮೇಲಾಗುವುದು, ಕೆಡುಕು ಕಣ್ಣಿಗೆ ಕಂಡರೂ ನಿಲ್ಲಿಸಲಾರದಿರುವುದು, ಈ ಲಕ್ಷಣಗಳು ಸಾಮಾನ್ಯವಾಗಿ ಹನ್ನೆರಡು ತಿಂಗಳು ಕಾಣಬೇಕೆಂದು ಅದರ ಅಭಿಪ್ರಾಯ. ಆದ್ದರಿಂದ ಒಂದು ದಿನದ ಆಟದಿಂದ ಯಾರೂ ರೋಗಿಯಾಗುವುದಿಲ್ಲ.

ವಸ್ತುವಿನಿಂದಲೂ ನಿರ್ಣಯವಾಗದು, ಗಂಟೆಯಿಂದಲೂ ನಿರ್ಣಯವಾಗದು ಎಂದಮೇಲೆ ಬೇರೆ ಯಾವುದರಿಂದ ಆಗುವುದು? ಇಲ್ಲಿ ಶಬ್ದಶಾಸ್ತ್ರವು ಒಂದು ದೀಪವನ್ನು ಹಿಡಿಯುವುದು. ಅಭ್ಯಾಸ, ವ್ಯಸನ, ಎರಡೂ ಪದಗಳು ಎಸೆಯುವುದೆಂಬ ಅರ್ಥವುಳ್ಳ ಅಸ್ ಎಂಬ ಒಂದೇ ಧಾತುವಿನಿಂದ ಹುಟ್ಟಿದುವು. ಅಭಿ ಎಂಬ ಉಪಸರ್ಗವು ಸೇರಿದಲ್ಲಿ, ಗುರಿಯ ಕಡೆಗೆ ಮತ್ತೆ ಮತ್ತೆ ತನ್ನನ್ನು ಎಸೆದುಕೊಳ್ಳುವುದೆಂದಾಯಿತು. ವಿ ಎಂಬುದು ಸೇರಿದಲ್ಲಿ, ದಿಕ್ಕುದಿಕ್ಕಿಗೆ ಚೆಲ್ಲಿಹೋಗುವುದೆಂದಾಯಿತು. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ ರೀತಿ ಕಾಣುವುವು: ಅದೇ ಬಗ್ಗಿದ ಕತ್ತು, ಅದೇ ಮರೆತ ಊಟ. ಒಳಗೆ ಮಾತ್ರ ಒಬ್ಬನು ಎಸೆಯುವವನು, ಇನ್ನೊಬ್ಬನು ಎಸೆಯಲ್ಪಟ್ಟವನು. ವ್ಯಸನವೆಂಬ ಮಾತಿಗೆ ಕನ್ನಡದಲ್ಲಿ ದುಃಖವೆಂಬ ಅರ್ಥವೂ ರೂಢಿಯಲ್ಲಿರುವುದು ಸುಮ್ಮನೆ ಬಂದುದಲ್ಲ.

ಈ ಭೇದವನ್ನು ನಳೋಪಾಖ್ಯಾನವು ಕಣ್ಣಿಗೆ ಕಟ್ಟುವಂತೆ ತೋರಿಸುವುದು. ನಳನು ಪುಷ್ಕರನೊಡನೆ ಪಗಡೆಯಾಡುತ್ತಿರಲು ಪುರಜನರು ಮಂತ್ರಿಗಳೊಡನೆ ಅರಮನೆಯ ಬಾಗಿಲಿಗೆ ಬಂದರು. ದಮಯಂತಿಯು ಕಣ್ಣೀರಿಟ್ಟು ಅದನ್ನು ತಿಳಿಸಿದಳು. ಕಲಿಯು ಹೊಕ್ಕಿದ್ದ ಅರಸನು ಒಂದು ಮಾತನ್ನೂ ಆಡಲಿಲ್ಲ. ಅವರು ನಾಚಿ ಹಿಂದಿರುಗಿದರು. ಆಟವು ಹಲವು ತಿಂಗಳು ನಡೆದುದಕ್ಕಿಂತ, ಬಾಗಿಲಲ್ಲಿ ನಿಂತವರ ದನಿಯು ಅವನಿಗೆ ಕೇಳಿಸದೆಹೋದುದೇ ಅನರ್ಥದ ಮೂಲವು. ಅವನು ಬಿಡುಗಡೆ ಹೊಂದಿದ ಬಗೆಯು ಇನ್ನೂ ವಿಚಾರಾರ್ಹವಾದುದು. ಋತುಪರ್ಣನ ರಥವನ್ನು ನಡೆಸುತ್ತ ವಿದರ್ಭಕ್ಕೆ ಹೋಗುವಾಗ, ತಾರೆ ಮರದ ಬಳಿ, ಅವನು ಅಕ್ಷಹೃದಯವನ್ನು, ಎಂದರೆ ದಾಳಗಳ ಮರ್ಮವನ್ನು ಕಲಿತನು. ಕಲಿತೊಡನೆ ಕಲಿಯು ಅವನ ಮೈಯಿಂದ ಹೊರಬಿದ್ದನು. ಆ ತಾರೆಯ ಕಾಯಿಗಳೇ ಪೂರ್ವಕಾಲದಲ್ಲಿ ದಾಳಗಳಾಗಿದ್ದುವು. ಆಟವನ್ನು ಶಪಿಸಿದುದರಿಂದ ನಳನು ಬದುಕಲಿಲ್ಲ. ಅದರ ಹೃದಯವನ್ನು ತಿಳಿದುದರಿಂದ ಬದುಕಿದನು.

ಈಗಿನ ಆಟಗಳ ಹೃದಯವು ಯಾವುದು? ನಮ್ಮ ಚೌಕಾಬಾರಕ್ಕೆ ಮುಗಿಯುವ ಕ್ಷಣವೊಂದಿದೆ. ಕಾಯಿಗಳೆಲ್ಲ ಹಣ್ಣಾದರೆ ಆಡುವವರು ಏಳುವರು. ಮೊಬೈಲಿನ ಅನೇಕ ಆಟಗಳಿಗೆ ಮುಕ್ತಾಯವೆಂಬುದನ್ನೇ ಇಟ್ಟಿಲ್ಲ. ನಿತ್ಯ ಬಂದವನಿಗೆ ನಿತ್ಯದ ಬಹುಮಾನ. ಒಂದು ದಿನ ತಪ್ಪಿದರೆ ಸರಣಿ ಕಡಿಯುವುದು. ಕೆಲವು ವಾರಗಳಿಗೊಮ್ಮೆ ಹೊಸ ಸೀಸನ್ನು ತೆರೆದು ಏರಿದ ಪದವಿಯು ಕೆಳಗಿಳಿಯುವುದು. ಕಾಳು ಯಾವ ಕುಕ್ಕಿಗೆ ಬೀಳುವುದೆಂದು ಗೊತ್ತಿಲ್ಲದ ಪಾರಿವಾಳವು ಬಿಡದೆ ಕುಕ್ಕುವುದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರನು ಪ್ರಯೋಗಗಳಿಂದ ತೋರಿಸಿದನು. ಹಣ ಕೊಟ್ಟು ತೆರೆಯುವ, ಒಳಗೇನಿದೆಯೆಂದು ತಿಳಿಯದ ಲೂಟ್ ಬಾಕ್ಸುಗಳ ತತ್ತ್ವವೂ ಅದೇ. ಬೆಲ್ಜಿಯಮ್ ದೇಶದ ಅಧಿಕಾರಿಗಳು 2018ರಲ್ಲಿ ಅವನ್ನು ಜೂಜೆಂದು ನಿರ್ಣಯಿಸಿದರು. ನಮ್ಮ ಸಂಸತ್ತು 2025ರಲ್ಲಿ ಅಂಗೀಕರಿಸಿದ ಕಾನೂನು ಹಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಎಂಬ ಸ್ಪರ್ಧೆಗಳನ್ನು ಬೇರೆಯಾಗಿ ಮನ್ನಿಸಿತು. ಋಗ್ವೇದದ ಅಕ್ಷಸೂಕ್ತದ ಜೂಜುಗಾರನು ಇನ್ನು ಹೋಗೆನೆಂದು ನಿಶ್ಚಯಿಸಿದರೂ ದಾಳಗಳ ಸದ್ದಿಗೆ ಎದ್ದು ಹೋಗುವನು. ಇಂದು ಆ ಸದ್ದು ಅಂಗಿಯ ಜೇಬಿನಲ್ಲೇ ಇದೆ. ಅದು ಯಾವ ಹೊತ್ತಿಗೆ ಮೊಳಗಬೇಕೆಂಬುದನ್ನು ಗೊತ್ತುಮಾಡುವವನು ವ್ಯಾಪಾರಿ.

ಇಂತಿರಲು ನಾನು ಆ ತರುಣನಿಗೆ ಹೇಳಿದುದಿಷ್ಟೆ. "ನೀನು ದುಡಿದ ದಿನಗಳಂತೆ ಭಾನುವಾರವೂ ನಿನ್ನದೇ, ಅದನ್ನು ಆಡಿ ಕಳೆಯುವ ಹಕ್ಕು ನಿನಗಿದೆ. ಆದರೆ ಅದು ನಿನ್ನದೆಂಬುದಕ್ಕೆ ಎರಡು ಸಾಕ್ಷಿಗಳನ್ನು ನೀನೇ ಕೇಳಿಕೋ. ಆಟವು ಚೆನ್ನಾಗಿ ನಡೆದಿರುವಾಗ, ಇನ್ನೊಂದು ಬೇಕೆನ್ನಿಸಿದಾಗಲೇ, ಏಳಬಲ್ಲೆಯಾ? ಅಮ್ಮನು ಬಾಗಿಲಲ್ಲಿ ನಿಂತು ಕರೆದರೆ ನಿನಗೆ ಕೇಳಿಸುವುದೇ? ಎರಡಕ್ಕೂ ಹೌದೆನ್ನಬಲ್ಲೆಯಾದರೆ ನೀನು ತಪ್ಪು ಮಾಡಿಲ್ಲ. ಇಲ್ಲವಾದರೆ ಆ ದಿನವನ್ನು ನೀನು ಕಳೆದುದಲ್ಲ. ಯಾರೋ ನಿನ್ನಿಂದ ತೆಗೆದುಕೊಂಡರು." ಅವನು ಒಡನೆ ಉತ್ತರ ಕೊಡಲಿಲ್ಲ. ಉತ್ತರವನ್ನು ನನಗೆ ಒಪ್ಪಿಸಬೇಕಾದ ಅಗತ್ಯವೂ ಅವನಿಗಿರಲಿಲ್ಲ.

ತಂದೆಯರಿಗೂ ಒಂದು ಮಾತುಂಟು. ಮಗನನ್ನು ಕರೆಯುವವರು ಯಾವುದಕ್ಕಾಗಿ ಕರೆಯುತ್ತೇವೆಂಬುದನ್ನು ಯೋಚಿಸಬೇಕು. ಬೈಯುವುದಕ್ಕೆ ಮಾತ್ರವೇ ಕರೆದರೆ, ಪರದೆಯೊಳಗೆ "ಬಾ, ನಿನಗಾಗಿ ಕಾದಿದ್ದೇವೆ" ಎನ್ನುವ ಮೂವರು ಗೆಳೆಯರ ದನಿಯು ಅವನಿಗೆ ಇಂಪಾಗಿ ಕೇಳಿಸುವುದರಲ್ಲಿ ಆಶ್ಚರ್ಯವೇನು? ಆಡುವ ಬಯಲುಗಳನ್ನು ಸೈಟುಗಳಾಗಿ ಮಾರಿ, ಸಂಜೆಗಳನ್ನು ಟ್ಯೂಷನ್ನಿಗೆ ಒತ್ತೆಯಿಟ್ಟು, ಮನೆಯೊಳಗೆ ಅಂಕಗಳ ಹೊರತು ಬೇರೆ ಸಂಭಾಷಣೆಯಿಲ್ಲದಂತೆ ಮಾಡಿದಮೇಲೆ, ಮಕ್ಕಳು ಪರದೆಯಲ್ಲಿ ಬಯಲನ್ನು ಹುಡುಕುವರು. ಮೊಬೈಲನ್ನು ಕಸಿದುಕೊಳ್ಳುವುದಕ್ಕೆ ಒಂದು ಕ್ಷಣ ಸಾಕು; ಎದ್ದು ಬಂದ ಮಗನೊಡನೆ ಆ ಸಂಜೆಯನ್ನು ಕಳೆಯುವುದಕ್ಕೆ ತಂದೆಯೂ ತನ್ನ ಕೆಲಸದಿಂದ ಏಳಬೇಕಾಗುವುದು. ಅಷ್ಟು ಮಾಡಬಲ್ಲ ತಂದೆಗೆ ಮಗನ ದಿನದ ವಿಷಯವಾಗಿ ಮಾತನಾಡುವ ಅಧಿಕಾರವುಂಟೆಂದು ನನ್ನ ಅಭಿಪ್ರಾಯ. ಉಳಿದುದನ್ನು ವಾಚಕರು ತಮ್ಮ ತಮ್ಮ ಮನೆಗಳಲ್ಲಿ ವಿಚಾರಿಸಿಕೊಳ್ಳತಕ್ಕದ್ದು.